ಬೆಲ್ಟಕ್ಕನ ಬೆರಳು

ಬೆಳಗಿನ ಐದೂವರೆ. ಬೀದಿ ದೀಪ ಇನ್ನೂ ಆರಿಲ್ಲ. ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಗ್ಯಾರೇಜಿನ ಒಳಗೆ ಹೋದರೆ, ಒಂದು ಬಿಳಿ ಕಾರು ಮುಂದಿನ ಬಲಗಾಲು ಕಳಚಿಟ್ಟು ಜಾಕಿನ ಮೇಲೆ ನಿಂತಿದೆ. ಚಕ್ರವಿದ್ದ ಕಡೆ ಒಬ್ಬ ಹೆಂಗಸು ಮಣೆ ಹಾಕಿಕೊಂಡು ಕೂತಿದ್ದಾರೆ. ಹಣೆಗೆ ಕಟ್ಟಿದ ಟಾರ್ಚು, ಮೊಣಕೈವರೆಗೆ ಮಡಿಚಿದ ಗಂಡಸರ ಅಂಗಿ. ಎಂಜಿನ್ನಿಗೂ ಕಾರಿನ ಮೈಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ. ಕೈ ಅದರೊಳಗೆ ಮರೆಯಾಗಿದೆ, ಮುಖ ಗೋಡೆಯ ಕಡೆ ತಿರುಗಿದೆ, ಕಣ್ಣು ಮುಚ್ಚಿದೆ.

"ಕಣ್ಣಿಗೆ ಅಲ್ಲೇನೂ ಕೆಲಸ ಇಲ್ಲ. ಅದಕ್ಕೇ ರಜಾ ಕೊಟ್ಟಿದೀನಿ" ಎನ್ನುತ್ತಾರೆ.

ಸುತ್ತಲಿನ ನಾಲ್ಕು ಬೀದಿಗೆ ಇವರು ಬೆಲ್ಟಕ್ಕ. ವಯಸ್ಸು ಐವತ್ತಮೂರು. ಎಂಜಿನ್ನಿನ ಪಕ್ಕದಲ್ಲಿ ಹಲ್ಲು ಹಲ್ಲಿನ ಒಂದು ರಬ್ಬರ್ ಪಟ್ಟಿ ಇರುತ್ತದೆ, ಅದಕ್ಕೆ ಟೈಮಿಂಗ್ ಬೆಲ್ಟ್ ಎನ್ನುತ್ತಾರೆ. ಎಂಜಿನ್ನಿನ ಕೆಳಗಿನ ಭಾಗ, ಮೇಲಿನ ಭಾಗ ಎರಡೂ ಒಂದೇ ತಾಳಕ್ಕೆ ತಿರುಗುವಂತೆ ಹಿಡಿದಿಟ್ಟಿರುವುದು ಅದು. ಓಡುವಾಗ ಅದು ಹರಿದರೆ ಒಳಗಿನ ಕಬ್ಬಿಣ ಒಂದಕ್ಕೊಂದು ಗುದ್ದಿಕೊಂಡು ಎಂಜಿನ್ ಮುಗಿದೇ ಹೋಗುತ್ತದೆ. ಅವಧಿ ಮುಗಿದ ಬೆಲ್ಟ್ ತೆಗೆದು ಹೊಸದು ಹಾಕುವುದು ಬೆಲ್ಟಕ್ಕನ ಕೆಲಸ. ವಾರಕ್ಕೆ ಎರಡು, ಹೆಚ್ಚೆಂದರೆ ಮೂರು. ಒಂದೊಂದಕ್ಕೆ ನಾಲ್ಕೈದು ಗಂಟೆ. ಇಪ್ಪತ್ತಾರು ವರ್ಷದಿಂದ ಇದೇ.

ಗ್ಯಾರೇಜು ಅವರ ಅಣ್ಣನದು. ತಂಗಿ ಮೊದಲು ಬರುತ್ತಿದ್ದದ್ದು ಅಣ್ಣನಿಗೆ ಮಧ್ಯಾಹ್ನದ ಬುತ್ತಿ ಕೊಡಲು. ಒಂದು ದಿನ ಇಂಥದೇ ಸಂದಿಯಲ್ಲಿ ಬೋಲ್ಟ್ ಬಿತ್ತು. ಅಣ್ಣನ ದಪ್ಪ ಕೈ ಒಳಗೆ ಹೋಗಲಿಲ್ಲ, ತಂಗಿಯ ಕೈ ಹೋಯಿತು. "ಬೋಲ್ಟ್ ತೆಗೆಯೋಕೆ ಅಂತ ಹಾಕಿದ ಕೈ, ಇನ್ನೂ ಆಚೆ ಬಂದಿಲ್ಲ" ಎಂದು ನಗುತ್ತಾರೆ. ಅಣ್ಣನಿಗೆ ಬಾಯಿ, ತಂಗಿಗೆ ಬೆರಳು. ಕೆಲಸ ಹಾಗೆ ಹಂಚಿಹೋಯಿತು.

ಎದುರಿಗೇ ನಿಂತಿದ್ದರೂ "ಮೆಕ್ಯಾನಿಕ್ ಎಲ್ಲಮ್ಮಾ?" ಎಂದು ಕೇಳುವವರು ಇಂದಿಗೂ ಇದ್ದಾರೆ. "ಕೈ ತೊಳೀತಾ ಇದಾರೆ, ಬರ್ತಾರೆ ಕೂತ್ಕೊಳಿ" ಎನ್ನುತ್ತಾರೆ ಬೆಲ್ಟಕ್ಕ. ಒಳಗೆ ಹೋಗಿ ಕೈ ತೊಳೆದು, ಅದೇ ಬಾಗಿಲಿಂದ ಆಚೆ ಬಂದು, "ಹೇಳಿ" ಎನ್ನುತ್ತಾರೆ.

ಇವತ್ತಿನ ಬಿಳಿ ಕಾರಿನ ಚಾಲಕ ಬೋರಲು ಹಾಕಿದ ಡಬ್ಬದ ಮೇಲೆ ಕೂತು ಗಡಿಯಾರ ನೋಡುತ್ತಿದ್ದಾನೆ. ವಾರಕ್ಕೆ ಮೂರು ದಿನ ಮೂವರು ಮುದುಕರನ್ನು ಡಯಾಲಿಸಿಸ್‌ಗೆ ಕರೆದೊಯ್ಯುವುದು ಅವನ ಕಾಯಂ ಬಾಡಿಗೆ. ಹನ್ನೆರಡಕ್ಕೆ ಅವರು ಆಸ್ಪತ್ರೆಯಲ್ಲಿರಬೇಕು. ತಪ್ಪಿದರೆ ಸರದಿ ಹೋಗುತ್ತದೆ. ಬೆಲ್ಟನ್ನು ತಾನೇ ಕೊಂಡು ಚೀಲದಲ್ಲಿ ತಂದಿದ್ದಾನೆ.

"ಬೆಲ್ಟ್ ಒಂದೇ ಸಾಕು ಬೆಲ್ಟಕ್ಕ. ಮಿಕ್ಕಿದ್ದೆಲ್ಲ ಚೆನ್ನಾಗೇ ಇದೆ."

"ನೀನು ಒಳಗೆ ಹೋಗಿ ನೋಡ್ಕೊಂಡು ಬಂದ್ಯಾ?"

ಬೆಲ್ಟ್ ಒಂಟಿಯಲ್ಲ. ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಇದೆ, ದಾರಿ ತಪ್ಪದಂತೆ ಕಾಯುವ ಸಣ್ಣ ಗಾಲಿಯಿದೆ, ಅದೇ ಬೆಲ್ಟಿನಿಂದ ತಿರುಗುವ ನೀರಿನ ಪಂಪ್ ಇದೆ. ಎಲ್ಲವೂ ಅಷ್ಟೇ ದೂರ ಓಡಿ ಸವೆದವು. ಬಾವಿಗೆ ಹೊಸ ಹಗ್ಗ ತಂದು, ಮುಕ್ಕಾದ ರಾಟೆಯನ್ನು ಹಾಗೇ ಬಿಟ್ಟರೆ ಕೊಡ ಎಲ್ಲಿಗೆ ಹೋಗುತ್ತದೆಂದು ನೀರು ಸೇದಿದವರಿಗೆ ಹೇಳಬೇಕಾಗಿಲ್ಲ.

ಬೆಲ್ಟಕ್ಕನಿಗೆ ಇದು ಓದಿ ಬಂದದ್ದಲ್ಲ. ಕಿಟಕಿಯ ಕಟ್ಟೆಯ ಮೇಲೆ ಸುಟ್ಟು ನೀಲಿಗಟ್ಟಿದ ಅಂಥದೇ ಒಂದು ಗಾಲಿ ಇದೆ. ಹನ್ನೊಂದು ವರ್ಷದ ಹಿಂದೆ ಒಬ್ಬ ಟೀಚರಮ್ಮ ಹೀಗೇ ಅವಸರದಲ್ಲಿ ಬಂದು ಬೆಲ್ಟ್ ಮಾತ್ರ ಸಾಕೆಂದರು. ಗಾಲಿ ತಿರುಗಿಸಿದಾಗ ಒಳಗೆ ಎಲ್ಲೋ ಸಣ್ಣಗೆ ತರಿತರಿ ತಾಗಿತು. ಬೆಲ್ಟಕ್ಕ ಸುಮ್ಮನಿದ್ದುಬಿಟ್ಟರು. ನಲವತ್ತು ದಿನಕ್ಕೆ ಆ ಗಾಲಿ ಬಿಗಿದು ಹೊಸ ಬೆಲ್ಟನ್ನೇ ಅರೆದುಹಾಕಿತು. ಸೇತುವೆಯ ನಟ್ಟನಡುವೆ ಕಾರು ನಿಂತಿತು. ಹಿಂದಿದ್ದ ಲಾರಿಯವನು ಬ್ರೇಕ್ ತುಳಿದದ್ದಕ್ಕೆ ಟೀಚರಮ್ಮನೂ ಮಗಳೂ ಉಳಿದರು.

"'ಬೆಲ್ಟ್ ಸಾಕು ಅಂದವಳು ನಾನೇ, ನಿಮ್ದೇನು ತಪ್ಪು' ಅಂದ್ಬಿಟ್ರು ಟೀಚರಮ್ಮ. ಬೈದಿದ್ರೆ ಮರೆತುಬಿಡ್ತಿದ್ದೆ" ಎನ್ನುತ್ತಾರೆ ಬೆಲ್ಟಕ್ಕ. "ನನ್ನ ಬೆರಳಿಗೆ ಗೊತ್ತಿತ್ತು. ಬಾಯಿ ಹೇಳಲಿಲ್ಲ."

ಏಳು ಗಂಟೆಗೆ ಅಣ್ಣ ಬರುತ್ತಾರೆ. ಬಂದವರೇ ಚಾಲಕನ ಪರ ವಹಿಸುತ್ತಾರೆ. "ಪಾಪ, ಅವನಿಗೆ ಹೊತ್ತಾಗುತ್ತೆ. ನೀನೊಂದ್ಸಲ ತಿರುಗಿಸಿ ನೋಡಿ ಹೇಳ್ಬಿಡು ತಾಯಿ. ನಿನ್ನ ಬೆರಳು ಸರಿ ಇದೆ ಅಂದ್ರೆ ಸರಿ."

ಬೆಲ್ಟಕ್ಕ ಟೆನ್ಷನರನ್ನು ಬಿಚ್ಚಿ ಕೈಯಲ್ಲಿ ಹಿಡಿದು, ಅದರ ಗಾಲಿಯ ಮೇಲೆ ಬೆರಳಿಟ್ಟು ಕೂತಿದ್ದಾರೆ. ತಿರುಗಿಸುತ್ತಾರೆ. ಇನ್ನೊಮ್ಮೆ ತಿರುಗಿಸುತ್ತಾರೆ.

"ನನಗೆ ಗೊತ್ತಾಗ್ತಿಲ್ಲ ಅಣ್ಣಾ."

"ಏನು ಗೊತ್ತಾಗ್ತಿಲ್ಲ?"

"ಬೆರಳ ತುದಿ ಜೋಮು ಹಿಡಿದಿದೆ. ಏನು ತಾಗಿದ್ರೂ ಒಂದೇ ಥರ."

"ಯಾವಾಗಿಂದ?"

"ಎರಡು ವರ್ಷ ಆಯ್ತು."

"ಎರಡು ವರ್ಷ! ನನಗ್ಯಾಕೆ ಹೇಳ್ಲಿಲ್ಲ?"

"ನೀನು ಮಾತಾಡೋದು ನಿಲ್ಲಿಸಿದ್ರೆ ತಾನೆ ಹೇಳೋದು?"

ಬೇಳೆ ಆರಿಸುವಾಗ ಕಲ್ಲು ಬೆರಳಿಗೆ ಸಿಗದೆ ಊಟದಲ್ಲಿ ತಮ್ಮ ಮಗಳ ಹಲ್ಲಿಗೆ ಸಿಕ್ಕಿದಾಗ ಬೆಲ್ಟಕ್ಕನಿಗೆ ಮೊದಲು ತಿಳಿದದ್ದು. ಅಂದಿನಿಂದ ತಮ್ಮ ಬೆರಳನ್ನು ನಂಬದೆ ಎಲ್ಲವನ್ನೂ ಬದಲಾಯಿಸಿಯೇ ಕಳಿಸುತ್ತ ಬಂದಿದ್ದಾರೆ. ಇವತ್ತು ಮುದುಕರ ಸರದಿ ಅಡ್ಡ ಬಂದಿದೆ, ಕಾರಣ ಕೊಡದೆ ಹೊತ್ತು ಹಿಡಿಸುವಂತಿಲ್ಲ. ಹೇಳದೆ ದಾರಿಯಿಲ್ಲ.

ಚಾಲಕ ಎದ್ದು ನಿಂತಿದ್ದಾನೆ. ಬೆರಳು ಸತ್ತ ಮೆಕ್ಯಾನಿಕ್ಕಿನ ಕೈಯಲ್ಲಿ ತನ್ನ ಕಾರು ಬಿಚ್ಚಿ ಬಿದ್ದಿದೆ. ಅವನ ಮುಖದಲ್ಲಿ ಅದು ಕಾಣುತ್ತದೆ. ಬೆಲ್ಟಕ್ಕ ಕಪಾಟಿನಿಂದ ಹೊಸ ಟೆನ್ಷನರ್ ತಂದು, ಹಳೆಯದರ ಜೊತೆಗೆ ಅವನ ಕೈಗಿಡುತ್ತಾರೆ.

"ನಿನ್ನ ಬೆರಳು ಚೆನ್ನಾಗಿದೆಯಲ್ಲ. ನೀನೇ ತಿರುಗಿಸು. ಬೆಲ್ಟ್ ಒಂದೇ ಸಾಕು ಅಂತ ಆಮೇಲೂ ಅನ್ಸಿದ್ರೆ ಹೇಳು."

ಅವನು ತಿರುಗಿಸಿ ಗೆದ್ದವನಂತೆ ತಲೆ ಎತ್ತುತ್ತಾನೆ. "ನೋಡಿ! ಹಳೇದೇ ಸಲೀಸಾಗಿ ತಿರುಗುತ್ತೆ. ಹೊಸದೇ ಬಿಗಿ."

"ಅದೇ ಅದರ ಕಾಯಿಲೆ. ಒಳಗಿನ ಗ್ರೀಸ್ ಒಣಗಿದೆ, ಹಿಡಿಯೋರಿಲ್ಲ, ಅದಕ್ಕೇ ಗಿರ್ರಂತ ಓಡುತ್ತೆ. ಈಗ ಕಣ್ಣು ಮುಚ್ಚಿ ನಿಧಾನಕ್ಕೆ ತಿರುಗಿಸು."

ಅವನು ಕಣ್ಣು ಮುಚ್ಚುತ್ತಾನೆ. ಹೊರಗೆ ಹಾಲಿನ ಗಾಡಿ ಹೋದ ಸದ್ದು. ಅವನ ಹುಬ್ಬು ಗಂಟಿಕ್ಕುತ್ತದೆ.

"ಒಳಗೆ... ಮರಳಿದ್ದ ಹಾಗಿದೆ."

ಬೆಲ್ಟಕ್ಕ ಟಾರ್ಚನ್ನು ನೀರಿನ ಪಂಪಿನ ಮೇಲೆ ಬಿಡುತ್ತಾರೆ. ಅದರ ಸಣ್ಣ ತೂತಿನ ಕೆಳಗೆ ಹಸಿರು ನೀರು ಒಸರಿ ಒಣಗಿದ ಗೆರೆ ಇದೆ. ಪಂಪೂ ಸೋರುತ್ತಿದೆ ಎನ್ನಲು ಬೆರಳು ಬೇಡ. ಅಣ್ಣ ಒಂದು ಮಾತೂ ಆಡದೆ ಸ್ಕೂಟರ್ ತೆಗೆಯುತ್ತಾರೆ. ಬಿಡಿಭಾಗದ ಅಂಗಡಿಯ ಮಹಡಿಯಲ್ಲೇ ಮಲಗಿದ್ದ ಅಂಗಡಿಯವನನ್ನು ಎಬ್ಬಿಸಿ, ಎಂಟೂವರೆಗೆ ಹೊಸ ಪಂಪ್ ತಂದಿಡುತ್ತಾರೆ.

ಹತ್ತು ಮುಕ್ಕಾಲು. ಎಲ್ಲ ಕೂಡಿಸಿಯಾಗಿದೆ. ಕೀಲಿ ಹಾಕುವ ಮುಂಚೆ ಬೆಲ್ಟಕ್ಕ ಉದ್ದನೆಯ ಸ್ಪ್ಯಾನರಿನಿಂದ ಎಂಜಿನ್ನನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸುತ್ತಾರೆ. ಎಷ್ಟೇ ಅವಸರವಿದ್ದರೂ ಈ ಎರಡು ಸುತ್ತು ಬಿಡುವುದಿಲ್ಲ. ಮೊದಲೇ ಹಚ್ಚಿಟ್ಟ ಬಿಳಿ ಗುರುತುಗಳು ಮತ್ತೆ ಎದುರುಬದುರಾಗುತ್ತವೆ, ತಾಳ ಕೂಡಿದೆ. ಕೀಲಿ ತಿರುಗುತ್ತದೆ. ಎಂಜಿನ್ ಶುರುವಾದದ್ದು ಕೇಳಿಸುವುದೂ ಕಷ್ಟ, ಅಷ್ಟು ಮೆತ್ತಗೆ.

"ಮೂರು ಜನ ಮುದುಕರ ಹತ್ರಾನೂ ನಿಮ್ಮ ವಿಷಯ ಹೇಳ್ತೀನಿ ಬೆಲ್ಟಕ್ಕ. ನೆನೆಸ್ಕೋತಾರೆ" ಎನ್ನುತ್ತಾನೆ ಚಾಲಕ.

"ಬೇಡಪ್ಪಾ. ದಾರೀಲಿ ನಾನು ನೆನಪಾದ್ರೆ ಗಾಡಿ ನಿಂತಿದೆ ಅಂತ ಅರ್ಥ. ಮರೆತು ಓಡ್ಸು."

ಕಾರು ಬೀದಿಯ ತಿರುವು ದಾಟುತ್ತದೆ. ಬೆಲ್ಟಕ್ಕ ಕೈ ಒರೆಸಿಕೊಂಡು ಹೇಳುತ್ತಾರೆ: "ಇನ್ನೂ ಐದಾರು ವರ್ಷ ಮಾಡೋಣ ಅಂತ ಆಸೆ. ನನ್ನ ಬೆರಳಲ್ಲಿ ಆಗದಿದ್ರೆ, ಯಾರದ್ದಾದ್ರೂ ಬೆರಳಲ್ಲಿ."

ಕಿಟಕಿಯ ಬಳಿ ಅಣ್ಣ ಆಗಲೇ ಚಾಲಕ ಬಿಟ್ಟುಹೋದ ಹಳೆಯ ಟೆನ್ಷನರನ್ನು ಹಿಡಿದು, ಅರವತ್ತರ ವಯಸ್ಸಿನಲ್ಲಿ ಕಣ್ಣು ಮುಚ್ಚಿ ತಿರುಗಿಸುತ್ತಿದ್ದಾರೆ.

"ಏನೂ ತಾಗ್ತಿಲ್ವಲ್ಲೇ. ಎಲ್ಲಿದೆ ಮರಳು? ಆ ಹುಡುಗ ಸುಮ್ನೆ ಹೇಳಿರ್ಬೇಕು. ನೀನೂ ಅವನ ಮಾತು ಕೇಳ್ಕೊಂಡು..."

"ಅಣ್ಣಾ" ಎನ್ನುತ್ತಾರೆ ಬೆಲ್ಟಕ್ಕ, ಮುಂದಿನ ಕಾರಿನ ಚಕ್ರ ಬಿಚ್ಚುತ್ತಾ. "ಮೊದಲು ಬಾಯಿ ಮುಚ್ಚು. ಆಮೇಲೆ ತಿರುಗಿಸು."