ಅತ್ತೆ ವಿಭೂತಿ ಹಚ್ಚಿದ ಸೂಜಿಗಳು

ನಾನು ಸೊಸೆಯಾಗಿ ಸಿಂಧನೂರಿಗೆ ಬಂದ ಕಾಲದಲ್ಲಿ ಸೂಜಿ ಮಾಡದ ಡಾಕ್ಟರನ್ನು ಊರಲ್ಲಿ ಯಾರೂ ಡಾಕ್ಟರ್ ಎಂದು ಒಪ್ಪುತ್ತಿರಲಿಲ್ಲ. ಜ್ವರಕ್ಕೂ ಸೂಜಿ, ಸುಸ್ತಿಗೂ ಸೂಜಿ, ಭತ್ತದ ನಾಟಿ ಮುಗಿಸಿ ಸೊಂಟ ಹಿಡಿದವರಿಗಂತೂ ಸೂಜಿಯೇ ಆಗಬೇಕು. ಗುಳಿಗೆ ಬರೆದುಕೊಟ್ಟರೆ ಮಂದಿ ದಾರಿಯುದ್ದಕ್ಕೂ ಬೈದುಕೊಂಡು ಬರುತ್ತಿದ್ದರು. ನಮ್ಮ ಮನೆಯವರೇನೂ ಇದಕ್ಕೆ ಹೊರತಲ್ಲ. ಬಜಾರದಲ್ಲಿ ಕಿರಾಣಿ ಅಂಗಡಿ, ಮನೆಯಲ್ಲಿ ಮೂರು ಹೊತ್ತು ಲಿಂಗಪೂಜೆ, ಸಣ್ಣ ತಲೆನೋವು ಬಂದರೂ ತೋಳು ಮಡಚಿಕೊಂಡು ದವಾಖಾನೆಯ ಮುಂದೆ ಕೂತುಬಿಡುವುದು.

ನನ್ನ ಮೈದುನನಿಗೆ ಆ ಚಟ ಅಂಟಿದ್ದೂ ಹೀಗೆಯೇ. ಅಕ್ಕಿ ಗಿರಣಿಯಲ್ಲಿ ಚೀಲದ ಒಟ್ಟಿಲ ಮೇಲಿಂದ ಜಾರಿ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡ. ಓಣಿಯ ಡಾಕ್ಟರು ದಿನಾ ನೋವಿನ ಸೂಜಿ ಕೊಟ್ಟರು. ಬೆನ್ನು ವಾಸಿಯಾದ ಮೇಲೂ ಅವನಿಗೆ ಆ ಸೂಜಿ ಬೇಕೇ ಬೇಕು ಎನ್ನಿಸತೊಡಗಿತು. ಡಾಕ್ಟರು ಒಲ್ಲೆ ಎಂದಾಗ ಗಿರಣಿಯ ಹಿಂದೆ, ಕಾಲುವೆಯ ದಂಡೆಯ ಮೇಲೆ ಒಬ್ಬನನ್ನು ಹುಡುಕಿಕೊಂಡ. ಆ ಮನುಷ್ಯ ಅದೇ ಔಷಧದ ಸೀಸೆ ಮಾರುತ್ತಿದ್ದ, ಬಂದವರಿಗೆಲ್ಲ ಒಂದೇ ಸೂಜಿಯಲ್ಲಿ ಚುಚ್ಚುತ್ತಿದ್ದ. ಒಬ್ಬನಿಗೆ ಚುಚ್ಚಿದ ಮೇಲೆ ಕಾಲುವೆ ನೀರಿನಲ್ಲಿ ಅದ್ದಿ ತೆಗೆದರೆ ಅವರ ಲೆಕ್ಕದಲ್ಲಿ ಸೂಜಿ ಶುದ್ಧ. ಹರಿಯುವ ನೀರಿಗೆ ಮೈಲಿಗೆ ಅಂಟುವುದಿಲ್ಲ ಎಂದು ಹುಟ್ಟಿದಾಗಿನಿಂದ ಕೇಳಿದವರು ಇನ್ನೇನು ತಿಳಿದಾರು!

ವಿಷಯ ಮನೆಗೆ ಗೊತ್ತಾದ ದಿನ ನನ್ನ ಗಂಡ ಅವನನ್ನು ಜೋಳದ ಚೀಲ ಇಡುವ ಖೋಲಿಗೆ ದೂಡಿ ಕೀಲಿ ಹಾಕಿದರು. ಕೀಲಿಕೈ ಅತ್ತೆಯ ನಡುವಿಗೆ ಹೋಯಿತು. ಅವನು ಒಳಗೆ ಹೊಟ್ಟೆ ಹಿಡಿದುಕೊಂಡು ಒದರುತ್ತಿದ್ದ, ವಾಂತಿ ಮಾಡಿಕೊಳ್ಳುತ್ತಿದ್ದ, ಅವ್ವನನ್ನು ಬಿಟ್ಟು ನನ್ನನ್ನೇ ಕರೆಯುತ್ತಿದ್ದ. ನಾನು ಆ ಮನೆಗೆ ಬಂದಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ, ನನ್ನ ಕೈಯ ರೊಟ್ಟಿ ತಿಂದೇ ಬೆಳೆದವನು. ಕಿಟಕಿಯ ಸರಳಿನ ನಡುವೆ ಮಜ್ಜಿಗೆಯ ಲೋಟ ತೂರಿಸಿ, ಅವನು ಕುಡಿದು ಮುಗಿಸುವ ತನಕ ಅಲ್ಲೇ ನಿಲ್ಲುತ್ತಿದ್ದೆ. ಅತ್ತೆಯ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಆ ವಾರ ಅವರ ಸಾರಿಗೆ ಉಪ್ಪನ್ನೇ ಹಾಕಲಿಲ್ಲ.

ಹೊರಗೆ ಬಿಟ್ಟ ದಿನ ಅತ್ತೆ ಅವನ ಎದೆಯ ಮೇಲಿನ ಲಿಂಗವನ್ನು ಅವನದೇ ಅಂಗೈಯಲ್ಲಿ ಇರಿಸಿ ಆಣೆ ಮಾಡಿಸಿದರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಆಣೆ ಇಲ್ಲ. ಅವನು ಮಾಡಿದ. ಮನೆಯವರ ಪಾಲಿಗೆ ಅಲ್ಲಿಗೆ ರೋಗ ಮುಗಿಯಿತು, ಮತ್ತೆ ಆ ಮಾತನ್ನು ಎತ್ತುವುದೆಂದರೆ ಲಿಂಗವನ್ನೇ ಅನುಮಾನಿಸಿದ ಹಾಗೆ. ಅದೇ ಸಂಜೆ ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ ಅವನು ಬಂದು ಲಿಂಗವನ್ನು ಬಿಚ್ಚಿ ನನ್ನ ಮುಂದೆ ಹಿಡಿದ.

"ಇದನ್ನ ನೀನ ಇಟ್ಕೊ ಅತ್ತಿಗಿ. ನಾ ಸುಳ್ಳಾಣಿ ಮಾಡೀನಿ. ಎದಿ ಮ್ಯಾಲ ಇಟ್ಕೊಳ್ಳಾಕ ಆಗವಲ್ದು."

"ಹಂಗಂದ್ರ ಮತ್ತ ಹೋಗಾಂವ ಏನಲೇ?"

"ಹೋಗ್ತೀನಿ. ಯಾರಿಗೂ ಹೇಳಬ್ಯಾಡ. ಇನ್ನೊಮ್ಮಿ ಖೋಲ್ಯಾಗ ಹಾಕಿದ್ರ, ಹೊರಗ ಬಿಟ್ಟ ದಿನ ನಾ ಕಾಲುವಿ ಹಾರತೀನಿ."

ನಾನು ಕೈ ತೊಳೆದುಕೊಂಡು ಲಿಂಗವನ್ನು ಸೆರಗಿನಲ್ಲಿ ಇಸಿದುಕೊಂಡೆ. ಟ್ರಂಕಿನಲ್ಲಿ ನನ್ನ ಮದುವೆಯ ಸೀರೆಯ ಕೆಳಗೆ ಇಟ್ಟೆ. ಲಿಂಗದ ಖಾಲಿ ಕರಡಿಗೆ ಅವನ ಕೊರಳಲ್ಲೇ ಉಳಿದದ್ದರಿಂದ ಮನೆಯವರಿಗೆ ತಿಳಿಯಲಿಲ್ಲ. ಅವನ ಸುಳ್ಳು ಅಂದಿನಿಂದ ನನ್ನದೂ ಆಯಿತು.

ನನಗೆ ಮಕ್ಕಳಾಗಿರಲಿಲ್ಲ. ಆ ವರ್ಷ ಅತ್ತೆ, ಲಿಂಗಸುಗೂರಿನಲ್ಲಿ ಒಬ್ಬ ಹೆಣ್ಣು ಡಾಕ್ಟರ್ ಇದ್ದಾರೆ, ಕೈಗುಣ ಚೆನ್ನಾಗಿದೆ ಎಂದು ಕೇಳಿಕೊಂಡು ಬಂದು ನನ್ನನ್ನು ಅಲ್ಲಿಗೆ ಕಳಿಸಿದರು. ಗಂಡ ಜೊತೆಗೆ ಬಂದರು, ಆದರೆ ಗಂಡಸರನ್ನು ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ಹೊರಗೆ ಬೇವಿನ ಮರದ ಕೆಳಗೆ ಕೂತರು. ಡಾಕ್ಟರಮ್ಮ "ಏನಮ್ಮಾ ತೊಂದರೆ?" ಎಂದರು. ನನ್ನ ಬಾಯಿಂದ ಬಂದದ್ದು ಮೈದುನನ ಕಥೆ. ಒಗೆಯುವಾಗ ಅವನ ಅಂಗಿ ತೋಳಿನಲ್ಲಿ ಕಾಣುವ ರಕ್ತದ ಚುಕ್ಕಿ, ಮೊಣಕೈಯ ಹತ್ತಿರ ಕೀವು ತುಂಬಿದ ಗಂಟು, ಕಾಲುವೆ ನೀರಿನಲ್ಲಿ ಅದ್ದಿದ ಸೂಜಿ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಬೇರೆ ಯಾರ ಮುಂದೆ ಹೇಳಲಿ? ಊರಲ್ಲಿ ಬಾಯಿ ಬಿಟ್ಟರೆ ಸಂಜೆಯೊಳಗೆ ಬಜಾರಕ್ಕೆಲ್ಲ ಗೊತ್ತಾಗುತ್ತಿತ್ತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಏಡ್ಸ್ ಎಂಬ ಮಾತನ್ನು ನಾನೂ ಕೇಳಿದ್ದೆ. ರೇಡಿಯೋದಲ್ಲಿ ಬರುತ್ತಿತ್ತು, ಗೋಡೆಯ ಮೇಲೆ ಬರೆದಿದ್ದರು. ಅದು ಲಾರಿಯವರ ರೋಗ, ನಡತೆ ಕೆಟ್ಟವರ ರೋಗ, ನಮ್ಮಂಥ ಮನೆತನಕ್ಕೆ ಅದರ ಹೆಸರೂ ಬೇಡ ಎಂದುಕೊಂಡಿದ್ದೆವು. ರಕ್ತ ಹತ್ತಿದ ಸೂಜಿಯಿಂದಲೂ ಅದು ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ ಎಂದು ಅವರು ಬಿಡಿಸಿ ಹೇಳಿದಾಗ ನಾನು ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಇನ್ನೊಮ್ಮೆ ಹೇಳಿರಿ ಎಂದೆ.

"ಚಟ ಬಿಡಿಸೋದು ಆಮೇಲೆ ನೋಡೋಣ," ಎಂದರು. "ಬಿಡೋವರೆಗೂ ಅವನು ಬದುಕಿರಬೇಕಲ್ಲ. ಬೇರೆಯವರ ಸೂಜಿ ಮುಟ್ಟದ ಹಾಗೆ ನೋಡಿಕೊಳ್ಳಿ."

ಆಗಷ್ಟೇ ನಮ್ಮ ಕಡೆ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಿರಿಂಜುಗಳು ಬರುತ್ತಿದ್ದವು. ಒಂದು ಕಟ್ಟು ಕೊಟ್ಟರು. ಗಂಟನ್ನು ಒತ್ತಬಾರದು, ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು ಪಟ್ಟಿ ಕಟ್ಟಬೇಕು, ಜ್ವರ ಬಂದರೆ ತಡಮಾಡದೆ ಕರೆದುಕೊಂಡು ಬರಬೇಕು ಎಂದು ಹೇಳಿಕೊಟ್ಟರು. ಹೊರಗೆ ಬಂದಾಗ ಗಂಡ ನನ್ನ ಮುಖ ನೋಡಿ, "ನೋವಾತೇನು?" ಎಂದು ಕೇಳಿದರು. ನಾನು ಹೂಂ ಎಂದೆ.

ಮನೆಯಲ್ಲಿ ಅತ್ತೆ ಚೀಲಕ್ಕೆ ಕೈ ಹಾಕಿ ಕಟ್ಟನ್ನು ಹೊರಗೆ ತೆಗೆದರು. "ಇವೇನಬೇ, ಇಷ್ಟು ಸೂಜಿ?"

"ಡಾಕ್ಟರಮ್ಮ ಕೊಟ್ಟಾರ್ರಿ ಅತ್ತಿ."

"ನಿನಗೇನು? ಚುಚ್ಚಾವ್ರು ಯಾರು?"

"ನಾನ ಚುಚ್ಚಿಕೋಬೇಕಂತ್ರಿ. ಸಕ್ಕರಿ ಬ್ಯಾನಿಯವ್ರು ಚುಚ್ಚಿಕೊಳ್ಳಲ್ಲೇನ್ರಿ, ಹಂಗ."

ಅತ್ತೆಯ ಕಣ್ಣು ತುಂಬಿ ಬಂದವು. ಕಟ್ಟನ್ನು ದೇವರ ಜಗುಲಿಯ ಮೇಲೆ ಇಟ್ಟು, ಒಂದೊಂದು ಪೊಟ್ಟಣದ ಮೇಲೂ ವಿಭೂತಿ ಹಚ್ಚಿ, ನನ್ನ ಮಡಿಲಿಗೆ ಹಾಕಿದರು. "ಇದರಾಗ ನಮ್ಮ ಮನಿ ದೀಪ ಐತಿ, ಜ್ವಾಕಿ," ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂದಿನಿಂದ ನಾನು ಲಿಂಗಸುಗೂರಿನಿಂದ ಬಂದಾಗಲೆಲ್ಲ ಈ ಪೂಜೆ ತಪ್ಪದೆ ನಡೆಯಿತು.

ಮೈದುನನಿಗೆ ನಾನು ಹಾಕಿದ ಕಟ್ಟಳೆ ಒಂದೇ, ಹಳೆಯದನ್ನು ತಂದುಕೊಟ್ಟರೆ ಹೊಸದು. ಹಳೇ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸರ ಹಾಗೆ ಹಿತ್ತಲ ಬಾಗಿಲಲ್ಲಿ ನಮ್ಮ ವ್ಯಾಪಾರ. ಹಳೆಯವನ್ನು ಡಾಲ್ಡಾ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದು ಡಾಕ್ಟರಮ್ಮನಿಗೇ ಒಪ್ಪಿಸುತ್ತಿದ್ದೆ. ಸೀಸೆಯನ್ನು ಮಾತ್ರ ನಾನು ಮುಟ್ಟಲಿಲ್ಲ, ಅದಕ್ಕೆ ಕವಡೆಯನ್ನೂ ಕೊಡಲಿಲ್ಲ. ಆದರೂ ಒಂದೊಂದು ಸಲ ಅವನು ಪೊಟ್ಟಣ ಹಿಡಿದು ಗಿರಣಿಯ ಕಡೆ ನಡೆಯುವುದನ್ನು ನೋಡಿದಾಗ, ಇವನನ್ನು ಕೊಲ್ಲುತ್ತಿರುವವಳು ನಾನೇ ಏನೋ ಎನ್ನಿಸುತ್ತಿತ್ತು. ಕೊಡದಿದ್ದರೆ ಕಾಲುವೆಯ ಸೂಜಿ, ಮನೆಯಲ್ಲಿ ಹೇಳಿದರೆ ಜೋಳದ ಖೋಲಿ. ಆ ಮನೆಯ ಬಾಗಿಲುಗಳೆಲ್ಲ ತೆರೆದೇ ಇದ್ದವು, ನನಗೆ ಮಾತ್ರ ಯಾವುದರಿಂದಲೂ ಹೊರಗೆ ಹೋಗಲು ಬರುತ್ತಿರಲಿಲ್ಲ.

ಆಮೇಲಾಮೇಲೆ ನಾನೊಬ್ಬಳೇ ಹೋಗುತ್ತಿದ್ದ ಲಿಂಗಸುಗೂರಿನ ಬಸ್ಸು ಮಸ್ಕಿಯ ಮೇಲೆಯೇ ಹೋಗಬೇಕು. ಮಸ್ಕಿ ನನ್ನ ತವರು. ಬಸ್ಸು ನಿಂತಾಗ ಪಾಮನಕಲ್ಲೂರಿನ ಕಡೆಯವರು ಗಂಟುಮೂಟೆ ಸಮೇತ ಹತ್ತುತ್ತಿದ್ದರು, ಹಟ್ಟಿಯ ಚಿನ್ನದ ಗಣಿಗೆ ಪಾಳಿಯ ಮೇಲೆ ಹೊರಟವರು ಬುತ್ತಿ ಹಿಡಿದು ನಿಲ್ಲುತ್ತಿದ್ದರು. ನಮ್ಮ ಓಣಿಯ ತಿರುವು ಕಿಟಕಿಯಿಂದ ಕಾಣುತ್ತಿತ್ತು. ಇಳಿದರೆ ಅವ್ವ ಮೊದಲು ನನ್ನ ಹೊಟ್ಟೆ ನೋಡುತ್ತಾಳೆ, ಆಮೇಲೆ ಚೀಲ ನೋಡುತ್ತಾಳೆ. ಅವಳ ಮುಂದೆ ಸುಳ್ಳು ನಿಲ್ಲುವುದಿಲ್ಲವೆಂದು ನಾನು ಸೆರಗು ಮುಂದಕ್ಕೆಳೆದು ಕೂತೇ ಇರುತ್ತಿದ್ದೆ.

ಒಂದು ದಿನ ಮೈದುನ, ತನಗಷ್ಟೇ ಅಲ್ಲ, ಸಾಲಗುಂದದ ಗೆಳೆಯನೊಬ್ಬನಿಗೂ ಸೂಜಿ ಬೇಕು ಎಂದ. "ನಾ ಏನು ಛತ್ರ ತೆಗದೀನೇನಲೇ?" ಎಂದು ಬೈದೆ. ಬೈದರೂ ಕೊಟ್ಟೆ. ಆದರೆ ತಡವಾಗಿತ್ತು. ಆ ಹುಡುಗ ಆಗಲೇ ಒಣಗಿ ಕಡ್ಡಿಯಾಗಿದ್ದ, ಭೇದಿ ನಿಲ್ಲುತ್ತಿರಲಿಲ್ಲ, ಬಾಯೆಲ್ಲ ಹುಣ್ಣು. ಅವನು ಸತ್ತಾಗ ಮೈ ತೊಳೆಯಲು ಯಾರೂ ಮುಂದೆ ಬರಲಿಲ್ಲವಂತೆ. ನನ್ನ ಮೈದುನನೇ ತೊಳೆದು ಬಂದ. ಬಂದವನು ಹಿತ್ತಲಲ್ಲಿ ಕೂತು, "ಅತ್ತಿಗಿ, ನನ್ನ ರಕ್ತಾನೂ ಒಮ್ಮಿ ನೋಡಸು," ಎಂದ.

ನನ್ನ ಔಷಧಿಯ ನೆವ ಹೇಳಿಯೇ ಅವನನ್ನು ಜೊತೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ರಕ್ತ ತೆಗೆದು ರಾಯಚೂರಿಗೆ ಕಳಿಸಿದರು. ವರದಿ ರೋಗವಿಲ್ಲ ಎಂದು ಬಂತು. ಕೆಲವು ತಿಂಗಳು ಬಿಟ್ಟು ಮತ್ತೆ ನೋಡಿದರು, ಆಗಲೂ ಇಲ್ಲ. ನಾನು ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ಅವನಿಗೆ ಮಿರ್ಚಿ ಭಜಿ ಕೊಡಿಸಿ, ಅವನು ತಿನ್ನುವುದನ್ನೇ ನೋಡುತ್ತ ಕೂತಿದ್ದೆ. ಆಮೇಲೆ ಡಾಕ್ಟರಮ್ಮ ಗುಳಿಗೆ ಕೊಟ್ಟು, ಸೂಜಿಯನ್ನು ಸ್ವಲ್ಪಸ್ವಲ್ಪವೇ ಕಡಿಮೆ ಮಾಡಿಸಲು ಹತ್ತಿದರು. ಅವನು ಅಂಗಡಿಯಲ್ಲಿ ಕೂರತೊಡಗಿದ. ನಡುನಡುವೆ ಜಾರುತ್ತಿದ್ದ, ಮತ್ತೆ ಎದ್ದು ಬರುತ್ತಿದ್ದ.

ಇತ್ತ ಅತ್ತೆಯ ತಾಳ್ಮೆ ಮುಗಿದಿತ್ತು. ಇಷ್ಟು ವರ್ಷ ಸೂಜಿ ಚುಚ್ಚಿಕೊಂಡರೂ ಫಲ ಕಾಣದ ಸೊಸೆಗಾಗಿ ಇನ್ನೆಷ್ಟು ಕಾಯುವುದು? ಮಗನಿಗೆ ಇನ್ನೊಂದು ಮದುವೆ ಮಾಡುವ ಮಾತು ಎತ್ತಿದರು. ಹೊರಗಿನವಳು ಬಂದರೆ ನನಗೆ ತೊಂದರೆಯಾದೀತೆಂದು ನನ್ನ ಮೇಲಿನ ಪ್ರೀತಿಯಿಂದಲೇ ನನ್ನ ತಂಗಿಯನ್ನು ಕೇಳಿದರು. ನಮ್ಮ ಕಡೆ ಹಾಗೆ ತಂಗಿಯನ್ನು ತರುವುದು ಹೊಸದೇನಲ್ಲ. ನಾನು ಮದುವೆಯಾಗಿ ಬರುವಾಗ ಹಾಲುಹಲ್ಲು ಬೀಳುತ್ತಿದ್ದ ಹುಡುಗಿ ಅವಳು. ನನ್ನ ಗಂಡ ಬೇಡ ಎಂದರು, ಅತ್ತೆ ಕಣ್ಣೀರು ಹಾಕಿದ ಮೇಲೆ ಸುಮ್ಮನಾದರು. ನನ್ನ ಅಪ್ಪ ಮಾತು ಮುಗಿಸಲು ಮಸ್ಕಿಯಿಂದ ಬಂದೇಬಿಟ್ಟರು.

ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದೆ. ಒಂದು ಮಾತು ಹೇಳಿದರೆ ತಂಗಿ ಉಳಿಯುತ್ತಾಳೆ, ಅದೇ ಮಾತಿಗೆ ಮೈದುನ ಮತ್ತೆ ಖೋಲಿಗೆ ಹೋಗುತ್ತಾನೆ. ಇಬ್ಬರೂ ನನ್ನ ಮಕ್ಕಳಿದ್ದ ಹಾಗೆ. ಅಪ್ಪ, "ನನ್ನ ದೊಡ್ಡ ಮಗಳ ಹಣ್ಯಾಗ ಬರದಿದ್ದಿಲ್ಲ, ಸಣ್ಣಾಕಿನರ ಈ ಮನಿ ಬೆಳಗಲಿ," ಎಂದು ಎಲೆಅಡಿಕೆಗೆ ಕೈ ಚಾಚಿದರು.

ಅಂಗಡಿಯಿಂದ ಉಣ್ಣಲು ಬಂದಿದ್ದ ಮೈದುನ ಹೊಸ್ತಿಲ ಮೇಲೆ ನಿಂತಿದ್ದ. ಒಳಗೆ ಬಂದು ಎಲೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅಂಗಿಯ ತೋಳನ್ನು ಮೇಲಕ್ಕೆ ಮಡಚಿ ಅವ್ವನ ಮುಂದೆ ಕೈ ಚಾಚಿದ.

"ಯವ್ವಾ, ಆ ಸೂಜಿ ಅತ್ತಿಗಿಗಲ್ಲ. ನೀ ವಿಭೂತಿ ಹಚ್ಚಿದ್ದು ಎಲ್ಲಾ ನಾನ ಚುಚ್ಚಿಕೊಂಡೀನಿ. ನನ್ನ ಗೆಳ್ಯಾ ಸತ್ತ ರೋಗ ನನಗ ಬರಬಾರದಂತ ಆಕಿ ತಂದುಕೊಟ್ಟಾಳ. ಇನ್ನೂ ಪೂರಾ ಬಿಟ್ಟಿಲ್ಲ, ಬಿಡಾಕತ್ತೀನಿ. ಖೋಲ್ಯಾಗ ಹಾಕೂದಿದ್ರ ಹಾಕ್ರಿ. ಆ ಹುಡುಗಿನ್ನ ಮಾತ್ರ ತರಬ್ಯಾಡ್ರಿ."

ನನ್ನ ಗಂಡ ಎದ್ದು ನಿಂತರು. ಅತ್ತೆ ಕೀಲಿಕೈಗಾಗಿ ನಡುವಿಗೆ ಕೈ ಹಾಕುತ್ತಾರೆಂದು ನಾನು ತಾಟನ್ನು ಕೆಳಗಿಟ್ಟು ಅವನ ಮುಂದೆ ಬಂದೆ. ಅತ್ತೆ ಅವನ ಕೈಯ ಮೇಲಿನ ಕಲೆಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಅವರ ದನಿ ಮೆಲ್ಲಗಿತ್ತು.

"ಹಂಗಾದ್ರ ಮಗಳ, ಇಷ್ಟು ವರ್ಷ ನಿನಗ ಔಷಧ ಯಾರು ಮಾಡಿದ್ರು?"

"ಯಾರೂ ಮಾಡಿಲ್ರಿ ಅತ್ತಿ," ಎಂದೆ.

ಹೇಳಿದ ಮೇಲೆಯೇ ಅದು ನನಗೂ ಗೊತ್ತಾದದ್ದು. ಡಾಕ್ಟರಮ್ಮನ ಎದುರಿನ ಸ್ಟೂಲಿನ ಮೇಲೆ ಅಷ್ಟು ಸಲ ಕೂತಿದ್ದೆ, ಅವರು ನಿಮ್ಮದೇನು ಎಂದು ಕೇಳುತ್ತಲೂ ಇದ್ದರು. ನನಗೊಂದು ಮಗು ಬೇಕು ಎಂದು ನಾನು ಒಮ್ಮೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ.