ಉಜ್ಜೀವನ ಮಾವಳ್ಳಿಗೆ ಬಂದ ವರ್ಷ

ಆಗೆಲ್ಲ ಚಾಮರಾಜಪೇಟೆಯಲ್ಲಿ ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ಸಾಕು, ಕ್ರಿಸ್‌ಮಸ್ ಹತ್ತಿರ ಬಂತು ಎಂದು ನಮಗೆ ಗೊತ್ತಾಗುತ್ತಿತ್ತು. ಬೆಳಗಿನ ಚಳಿಯಲ್ಲಿ ಬೀದಿಯುದ್ದಕ್ಕೂ ಜಗಲಿಗಳ ಮೇಲೆ ಹೆಂಗಸರು ಕೂತು ಕಾಯಿ ಸುಲಿಯುತ್ತಿದ್ದರು. ಪಕ್ಕದ ಮನೆಯ ಹಿತಕಿದಬೇಳೆ ಸಾರು ನಮ್ಮ ಮನೆಗೆ ಬರುತ್ತಿತ್ತು, ಹಬ್ಬದ ಕಜ್ಜಾಯ ನಮ್ಮ ಮನೆಯಿಂದ ಅವರ ಮನೆಗೆ ಹೋಗುತ್ತಿತ್ತು. ಇಸವಿ ಸಾವಿರದ ಒಂಬೈನೂರ ಇಪ್ಪತ್ತರ ಆಚೀಚಿನ ಮಾತು. ನಿಮ್ಮಲ್ಲಿ ಕೆಲವರಿಗಾದರೂ ಆ ವಾಸನೆ ನೆನಪಿರಬಹುದು.

ನನ್ನ ತಂದೆ ನಮ್ಮ ಬೀದಿಯ ಕೊನೆಯಲ್ಲಿದ್ದ ಸಣ್ಣ ಕ್ರೈಸ್ತ ದೇವಾಲಯದ ಸಭಾಪಾಲಕರು, ಎಂದರೆ ಪಾದ್ರಿಗಳು. ಸಭೆಯವರು ಅವರನ್ನು ಅಯ್ಯನವರು ಎನ್ನುತ್ತಿದ್ದರು. ಅಪ್ಪನ ಜೇಬಿನಲ್ಲಿ ಒಂದು ಗಡಿಯಾರವಿತ್ತು. ನಮ್ಮ ಮನೆ, ನಮ್ಮ ದೇವಾಲಯ, ನಮ್ಮ ಹಸಿವು ಎಲ್ಲವೂ ಅದರ ಮಾತು ಕೇಳುತ್ತಿದ್ದವು. ಆರಾಧನೆ ಹೇಳಿದ ಹೊತ್ತಿಗೆ ಶುರುವಾಗಿ ಹೇಳಿದ ಹೊತ್ತಿಗೆ ಮುಗಿಯುತ್ತಿತ್ತು. ಪೀಠದಿಂದ ಹೇಳುವ ಪ್ರಸಂಗಕ್ಕೆ ಮೂರು ಭಾಗ, ಪ್ರಾರ್ಥನೆಗೆ ಬರೆದಿಟ್ಟ ಮಾತು. ಗಂಟೆ ಬಾರಿಸುವ ಕೆಲಸ ನನ್ನದು. ಈ ಶಿಸ್ತು ನನಗೂ ಅಂಟಿದೆ. ಇಂದಿಗೂ ನಮ್ಮ ಮನೆಯಲ್ಲಿ ತಟ್ಟೆ ಬೀಳುವುದು ಗಂಟೆ ನೋಡಿಯೇ. ಅದರಿಂದ ನನಗೆ ಕೆಡುಕೇನೂ ಆಗಿಲ್ಲ.

ಆ ವರ್ಷ ಉಜ್ಜೀವನ, ಎಂದರೆ ಮಲಗಿದ್ದ ಭಕ್ತಿ ಎದ್ದು ಕೂರುವ ಕಾಲ, ಬಂತು. ಆದರೆ ನಮ್ಮಲ್ಲಿಗಲ್ಲ, ಮಾವಳ್ಳಿಗೆ.

ಮಾವಳ್ಳಿ ಸಭೆಯ ಸತ್ಯಮಿತ್ರ ಅಯ್ಯನವರು ಅಪ್ಪನ ಜೊತೆ ಓದಿದವರು. ವಯಸ್ಸಿನಲ್ಲಿ ಚಿಕ್ಕವರು, ಓದಿನಲ್ಲಿ ಹಿಂದೆ ಬಿದ್ದವರು. ಪ್ರಸಂಗ ಕಟ್ಟುವುದು ಹೇಗೆಂದು ಅಪ್ಪನೇ ಅವರಿಗೆ ಹೇಳಿಕೊಟ್ಟಿದ್ದರಂತೆ. ಅವರ ಆರಾಧನೆ ತಡವಾಗಿ ಶುರುವಾಗುತ್ತಿತ್ತು, ಯಾವಾಗ ಮುಗಿಯುತ್ತದೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ಇಂಥವರ ಸಭೆಯಲ್ಲಿ ಜನ ಮೊಣಕಾಲೂರಿ ಅಳುತ್ತಿದ್ದಾರೆ, ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ತಬ್ಬಿಕೊಂಡಿದ್ದಾರೆ, ಕುಡಿತ ಬಿಟ್ಟವರಿದ್ದಾರೆ ಎಂಬ ಸುದ್ದಿ ಬಂದಾಗ ಅಪ್ಪ, ಒಳ್ಳೆಯದಾಯಿತು, ಎಂದರು. ಆಮೇಲೆ ಊಟದಲ್ಲಿ ಸಾರಿಗೆ ಉಪ್ಪು ಸಾಲದೆಂದು ಅಮ್ಮನ ಮೇಲೆ ರೇಗಿದರು. ಉಪ್ಪು ಸರಿಯಾಗಿಯೇ ಇತ್ತು.

ಸತ್ಯಮಿತ್ರ ಅಯ್ಯನವರ ಮಗಳು ಕರುಣ ಶಾಲೆಯಲ್ಲಿ ನನ್ನ ಬೆಂಚಿನವಳು. ಊಟದ ಬಿಡುವಿನಲ್ಲಿ ಕಲ್ಲಾಟ ಆಡುತ್ತಿದ್ದಾಗ, ಕಲ್ಲನ್ನು ಮೇಲಕ್ಕೆಸೆದು ಹಿಡಿಯುತ್ತಲೇ ಕೇಳಿದಳು:

"ನಮ್ಮಪ್ಪ ಪ್ರಾರ್ಥನೆ ಮಾಡಿದ್ರೆ ಎಲ್ಲಾರೂ ಅಳ್ತಾರೆ ಕಣೇ. ನಿಮ್ಮಪ್ಪ ಮಾಡಿದ್ರೆ ಏನ್ ಮಾಡ್ತಾರೆ?"

ನಾನು ಯೋಚಿಸುವಷ್ಟರಲ್ಲಿ ಅವಳೇ ಉತ್ತರ ಕೊಟ್ಟಳು. "ಸರಿಯಾದ ಟೈಮಿಗೆ ಮನೆಗೆ ಹೋಗ್ತಾರೆ."

ಸುತ್ತ ಕೂತಿದ್ದ ಹುಡುಗಿಯರೆಲ್ಲ ನಕ್ಕರು. ನನ್ನ ಕೈಯಿಂದ ಕಲ್ಲು ಜಾರಿ ಆಟ ಸೋತೆ. ಅವತ್ತಿನಿಂದ ಅವಳ ಜಡೆಯ ರಿಬ್ಬನ್ ಕಂಡರೂ ನನ್ನ ಹೊಟ್ಟೆ ಉರಿಯುತ್ತಿತ್ತು. ನಾನು ಕೇಳುತ್ತಿದ್ದುದು ಒಂದೇ: ದೇವರೇ, ನಮ್ಮ ಸಭೆಯವರೂ ಅಳುವ ಹಾಗೆ ಮಾಡು. ಕರುಣಳ ಸಭೆಯವರಿಗಿಂತ ಒಂದು ತೊಟ್ಟು ಹೆಚ್ಚಿಗೆ ಅಳಲಿ.

ನಮ್ಮ ಬೆಂಚುಗಳು ಖಾಲಿಯಾಗತೊಡಗಿದವು. ಮೊದಲು ಬುಧವಾರದ ಪ್ರಾರ್ಥನೆಗೆ ಜನ ಕಡಿಮೆಯಾದರು, ಆಮೇಲೆ ಭಾನುವಾರಕ್ಕೂ. ಕೋಟೆ ದಾಟಿ ಮಾವಳ್ಳಿಯವರೆಗೆ ನಡೆದು ಹೋಗುತ್ತಿದ್ದರು. ಹೀಗೇ ಆದರೆ ಈ ಸಭೆಯನ್ನು ಮಾವಳ್ಳಿಗೆ ಸೇರಿಸಿಬಿಡುತ್ತಾರೆ, ಅಪ್ಪನನ್ನು ಎಲ್ಲಿಗೋ ಕಳಿಸುತ್ತಾರೆ ಎಂದು ಅಮ್ಮ ಒಲೆಯ ಮುಂದೆ ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು.

ಅಪ್ಪ ತಮಗೆ ಗೊತ್ತಿದ್ದ ದಾರಿ ಹಿಡಿದರು. ಉಜ್ಜೀವನಕ್ಕೆ ಒಂದು ವೇಳಾಪಟ್ಟಿ ಹಾಕಿದರು. ಕ್ರಿಸ್‌ಮಸ್‌ಗೆ ಮುಂಚಿನ ಶನಿವಾರ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಸರಪಣಿ ಪ್ರಾರ್ಥನೆ. ಒಂದೊಂದು ಮನೆಯವರಿಗೆ ಒಂದೊಂದು ತಾಸು. ದೇವಾಲಯದಲ್ಲಿ ಒಂದು ಕೈಗಂಟೆ ಇರುತ್ತದೆ. ತಾಸು ಮುಗಿದಾಗ ಮುಂದಿನವರು ಬಂದು ಅದನ್ನು ತೆಗೆದುಕೊಳ್ಳಬೇಕು. ಅವರು ಬರುವ ತನಕ ಇದ್ದವರು ಏಳುವಂತಿಲ್ಲ, ಸರಪಣಿ ಕಡಿಯಕೂಡದು. ಈ ನಿಯಮ ಅಪ್ಪನದೇ. ಸಂಜೆ ದೊಡ್ಡ ಗಂಟೆ ಬಾರಿಸಿ ಎಲ್ಲರೂ ಸೇರಿ ಮುಗಿಸುವುದು.

ಬೆಳಿಗ್ಗೆ ಎಲ್ಲ ಸರಿಯಾಗಿ ನಡೆಯಿತು. ಮಧ್ಯಾಹ್ನ ಊಟದ ನಂತರದ ತಾಸು ಅಪ್ಪನದು. ಅವರ ನಂತರ ಯೋಸೇಫಣ್ಣನ ಮನೆಯವರು ಬರಬೇಕಿತ್ತು; ಬರುವ ಮನೆಗಳು ಕಡಿಮೆಯಾಗಿದ್ದರಿಂದ ಸಂಜೆಯವರೆಗಿನ ತಾಸುಗಳೆಲ್ಲ ಅವರವೇ. ಯೋಸೇಫಣ್ಣ ತರಗುಪೇಟೆಯ ಮಂಡಿಯೊಂದರಲ್ಲಿ ಗುಮಾಸ್ತ, ನಮ್ಮ ಸಭೆಯ ಹಿರಿಯ. ತಾಸು ಮುಗಿಯಿತು, ಯೋಸೇಫಣ್ಣ ಬರಲಿಲ್ಲ. ಅಮ್ಮ ನನ್ನನ್ನು ಅವರ ಮನೆಗೆ ಓಡಿಸಿದರು. ಬಾಗಿಲಿಗೆ ಬೀಗ. ಎದುರು ಮನೆಯಾಕೆ ಅವರೆ ಸುಲಿಯುತ್ತಾ, ಅವರೆಲ್ಲ ಮಾವಳ್ಳಿಗೆ ಹೋದರಲ್ಲ ಮಗು, ಅಲ್ಲೇನೋ ದೊಡ್ಡ ಕೂಟವಂತೆ, ಎಂದರು.

ಓಡಿ ಬಂದು ಅಮ್ಮನಿಗೆ ಹೇಳಿದೆ. ನಾನೇ ಹೋಗಿ ಗಂಟೆ ಇಸ್ಕೋತೀನಿ, ಅಪ್ಪನಿಗೆ ಮಂಡಿ ನೋವು, ಎಂದೆ. ಅಮ್ಮ ಸೌಟು ಕೆಳಗಿಟ್ಟು ನನ್ನ ತೋಳು ಹಿಡಿದರು.

"ನೀನು ಹೋಗ್ಬೇಡ, ನಾನೂ ಹೋಗಲ್ಲ. ಇವತ್ತೊಂದಿನ ಗಡಿಯಾರ ಬಿಟ್ಟು ಕೂತ್ಕೊಳ್ಳಲಿ."

ಅಮ್ಮನ ಮೇಲೆ ನನಗೆ ಸಿಟ್ಟು ಬಂತು. ಅಪ್ಪನಿಗೆಂದು ಒಂದು ಲೋಟ ಮಜ್ಜಿಗೆ ಹಿಡಿದುಕೊಂಡು ದೇವಾಲಯದ ಪಕ್ಕದ ಕಿಟಕಿಯ ಹತ್ತಿರ ಹೋಗಿ ಇಣುಕುತ್ತಾ ನಿಂತೆ. ಒಳಗೆ ಅಪ್ಪ ಮೊಣಕಾಲೂರಿದ್ದರು. ಬರೆದಿಟ್ಟ ಪ್ರಾರ್ಥನೆ ಮುಗಿದು ಬಹಳ ಹೊತ್ತಾಗಿರಬೇಕು. ಗಡಿಯಾರ ತೆಗೆದು ನೋಡಿದರು, ಬಾಗಿಲ ಕಡೆ ನೋಡಿದರು, ಮತ್ತೆ ಗಡಿಯಾರ ನೋಡಿದರು. ಆಮೇಲೆ ಅದನ್ನು ಬೆಂಚಿನ ಮೇಲೆ ಬೋರಲು ಹಾಕಿದರು.

ನಂತರ ನಾನು ಎಂದೂ ಕೇಳದ ದನಿಯಲ್ಲಿ, ಮನೆಯಲ್ಲಿ ಆಡುವ ಮಾತಿನಲ್ಲಿ ಶುರುಮಾಡಿದರು.

"ಕರ್ತನೇ, ಸತ್ಯಮಿತ್ರನಿಗೆ ಒಂದು ಪ್ರಸಂಗ ನೆಟ್ಟಗೆ ಕಟ್ಟಕ್ಕೆ ಬರಲ್ಲ. ಅದು ನಿನಗೂ ಗೊತ್ತು. ಆದರೂ ಉಜ್ಜೀವನ ಅವನಿಗೆ ಕೊಟ್ಟೆ. ನನ್ನ ಕಡೆ ತಿರುಗಿ ನೋಡಲಿಲ್ಲ. ನನಗೆ ಹೊಟ್ಟೆ ಉರೀತದೆ."

ಈ ಉರಿ ನನ್ನೊಬ್ಬಳದೇ ಎಂದುಕೊಂಡಿದ್ದೆ. ಅಪ್ಪನಿಗೂ ಅದೇ ಇತ್ತು, ನನಗಿಂತ ದೊಡ್ಡದು.

ಆಮೇಲೆ ಅಪ್ಪ, ಅವನು ಜನರ ಹೆಸರು ಹಿಡಿದು ನಿನ್ನ ಹತ್ತಿರ ಕೇಳ್ತಾನಂತೆ, ನಾನು ಸಭೆ ಅಂತ ಒಟ್ಟಿಗೆ ಕೇಳಿ ಮುಗಿಸ್ತೀನಿ, ಎಂದರು. ಒಂದೊಂದೇ ಮನೆ ಹಿಡಿದರು. ಪುಟ್ಟಮಲ್ಲಮ್ಮನ ಕಣ್ಣಿನ ಪೊರೆ, ಬಡಗಿ ದೇವದಾನನ ಕುಡಿತ, ಮದುವೆ ಮುರಿದ ಅವನ ಮಗಳು. ನಡುನಡುವೆ ತಡವರಿಸುತ್ತಿದ್ದರು. ಮೂರು ಭಾಗದ ಪ್ರಸಂಗವನ್ನು ಎಲ್ಲೂ ನಿಲ್ಲದೆ ಹೇಳುವ ಮನುಷ್ಯ ಒಂದು ಮನೆಯಿಂದ ಇನ್ನೊಂದು ಮನೆಗೆ ದಾರಿ ತಪ್ಪಿದವರಂತೆ ಹೋಗುತ್ತಿದ್ದರು. ಯೋಸೇಫಣ್ಣನ ಮನೆಗೆ ಬಂದಾಗ ಪೂರ್ತಿ ನಿಂತುಬಿಟ್ಟರು. ತಲೆ ಎತ್ತದೆ, ಕಿಟಕಿಯ ಕಡೆ ತಿರುಗದೆ ಕೇಳಿದರು:

"ರೂತು, ಯೋಸೇಫಣ್ಣನ ಕಿರೀ ಮಗೂ ಹೆಸರೇನೇ?"

ನಾನು ಅಲ್ಲಿರುವುದು ಅವರಿಗೆ ಗೊತ್ತೆಂದು ನನಗೆ ಗೊತ್ತಿರಲಿಲ್ಲ.

"ಗ್ರೇಸಿ ಅಪ್ಪ. ಕಾಲು ಸೊಟ್ಟಗಿದೆ. ಇನ್ನೂ ನಡೆಯಲ್ಲ."

"ನಾನೇ ದೀಕ್ಷಾಸ್ನಾನ ಕೊಟ್ಟ ಮಗು," ಎಂದರು ಅಪ್ಪ. ಅದನ್ನು ನನಗೆ ಹೇಳಿದರೋ ದೇವರಿಗೆ ಹೇಳಿದರೋ ತಿಳಿಯಲಿಲ್ಲ. ಆಮೇಲೆ ಗ್ರೇಸಿಗಾಗಿ ಕೇಳಿದರು. ಎಷ್ಟು ಹೊತ್ತು ಕೇಳಿದರೆಂದರೆ ನನಗೆ ಗ್ರೇಸಿಯ ಮೇಲೂ ಹೊಟ್ಟೆಕಿಚ್ಚಾಯಿತು. ನನ್ನ ಹೆಸರು ಯಾವಾಗ ಬರುತ್ತದೆಂದು ಕಾದೆ. ಕೊನೆಗೆ ಬಂತು. "ರೂತಿಗೆ ನನ್ನ ಬುದ್ಧಿಯೇ ಬಂದಿದೆ. ಎಲ್ಲಾದಕ್ಕೂ ಗಂಟೆ ನೋಡ್ತಾಳೆ. ಅವಳನ್ನ ನೀನೇ ನೋಡ್ಕೋ." ನಗಬೇಕೋ ಅಳಬೇಕೋ ತಿಳಿಯದೆ ಅಪ್ಪನ ಮಜ್ಜಿಗೆಯನ್ನು ನಾನೇ ಕುಡಿದುಬಿಟ್ಟೆ.

ಬಿಸಿಲು ಇಳಿಯುವ ಹೊತ್ತಿಗೆ ಯೋಸೇಫಣ್ಣ, ಅವರ ಹೆಂಡತಿ, ಸೊಂಟದ ಮೇಲೆ ಗ್ರೇಸಿ, ಏದುಸಿರು ಬಿಡುತ್ತಾ ಬಂದರು. ತಪ್ಪಾಯ್ತು ಎನ್ನಲು ಬಾಯಿ ತೆರೆದವರು ಬಾಗಿಲಲ್ಲೇ ನಿಂತರು. ಅಪ್ಪ ಪ್ರಾರ್ಥನೆಯನ್ನು ಮತ್ತೊಮ್ಮೆ ಮೊದಲ ಮನೆಯಿಂದ ಶುರುಮಾಡಿ ಅವರ ಮನೆಯವರ ಹೆಸರಿಗೇ ಬಂದಿದ್ದರು. ಮಗುವಿನ ಹೆಸರು ಕೇಳಿಸಿತು. ಯೋಸೇಫಣ್ಣನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಯಾರೂ ಹೋಗಿ ಕೈಗಂಟೆ ತೆಗೆದುಕೊಳ್ಳಲಿಲ್ಲ. ಹಿಂದೆ ಮೊಣಕಾಲೂರಿದರು.

ಸಂಜೆಯ ಗಂಟೆ ಬಾರಿಸಬೇಕಾಗಿತ್ತು. ಹಗ್ಗದ ಹತ್ತಿರ ಹೋದವಳು ಹಾಗೇ ನಿಂತೆ. ಗಂಟೆ ಯಾಕಾಗಲಿಲ್ಲ ಎಂದು ನೋಡಲು ಒಬ್ಬೊಬ್ಬರೇ ಬಂದರು. ಬಂದವರು ಸದ್ದಿಲ್ಲದೆ ಕೂತರು. ಅಮ್ಮ ಒಲೆ ಆರಿಸಿ ಬಂದರು. ಬಡಗಿ ದೇವದಾನ ಬಂದು ಕಂಬಕ್ಕೆ ಒರಗಿ ನಿಂತ, ಆಮೇಲೆ ಕೂತ. ದೀಪ ಹಚ್ಚುವುದನ್ನೂ ಮರೆತರು. ಅಪ್ಪನ ದನಿ ಒಡೆದು ಹೋಗಿತ್ತು, ಆದರೂ ಹೆಸರುಗಳು ಬರುತ್ತಲೇ ಇದ್ದವು.

ಮಾವಳ್ಳಿಯಲ್ಲಿ ಆದಂತೆ ಗಟ್ಟಿಯಾಗಿ ಅತ್ತವರು ಯಾರೂ ಇಲ್ಲ. ನಮ್ಮ ಉಜ್ಜೀವನ ಇಷ್ಟೇ. ಮಾರನೆಯ ಭಾನುವಾರ ಅಪ್ಪ ಪ್ರಸಂಗದ ಮೊದಲಲ್ಲೇ, ಮಾವಳ್ಳಿ ಸಭೆಯನ್ನು ನೋಡಿ ನಾನು ಹೊಟ್ಟೆಕಿಚ್ಚು ಪಟ್ಟೆ, ಎಂದು ಸಭೆಯ ಮುಂದೆ ಹೇಳಿದರು. ಹಬ್ಬದ ದಿನ ಸತ್ಯಮಿತ್ರ ಅಯ್ಯನವರನ್ನು ಕರೆಸಿ ನಮ್ಮ ಪೀಠದಿಂದ ಮಾತಾಡಿಸಿದರು. ಅವರ ಪ್ರಸಂಗಕ್ಕೆ ತಲೆಬುಡ ಇರಲಿಲ್ಲ. ಅಪ್ಪ ಮುಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಕೇಳಿದರು, ಗಡಿಯಾರ ತೆಗೆಯಲಿಲ್ಲ. ನಮ್ಮ ಬೆಂಚುಗಳು ಮತ್ತೆ ತುಂಬಿದವು. ಸಭೆಯನ್ನು ಸೇರಿಸುವ ಮಾತು ನಿಂತಿತು.

ಶಾಲೆ ತೆರೆದಾಗ ಕರುಣ ಕೇಳಿದಳು. "ನಿಮ್ಮಲ್ಲೂ ಅತ್ತರಂತೆ, ಹೌದೇನೇ?"

"ಇಲ್ಲ ಕಣೇ," ಎಂದೆ. "ತಡವಾಗಿ ಮನೆಗೆ ಹೋದ್ವಿ."

ಅವಳ ಕಣ್ಣಲ್ಲಿ ನನಗೆ ಚೆನ್ನಾಗಿ ಗುರುತಿದ್ದ ಉರಿಯೊಂದು ಮಿನುಗಿತು. ಅಷ್ಟು ಸಂತೋಷದ ಕ್ರಿಸ್‌ಮಸ್ ನನಗೆ ಮತ್ತೆ ಬರಲಿಲ್ಲ.

ಈಗ ಆ ದೇವಾಲಯಕ್ಕೆ ಹೊಸ ಕಟ್ಟಡ, ಫ್ಯಾನು, ಧ್ವನಿವರ್ಧಕ ಎಲ್ಲ ಬಂದಿವೆ. ಆರಾಧನೆ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ಅದು ನನಗೆ ಹಿತವೇ. ಸಭೆಯ ಹಿರಿಯರ ಚುನಾವಣೆಗೆ ಬಾಗಿಲು ಬಾಗಿಲು ತಿರುಗುವವರಿದ್ದಾರೆ, ಆದರೆ ಆ ಬಾಗಿಲುಗಳೊಳಗಿನ ಮಕ್ಕಳ ಹೆಸರು ಹಿಡಿದು ಮೊಣಕಾಲೂರುವವರನ್ನು ನಾನು ಹುಡುಕುತ್ತಲೇ ಇದ್ದೇನೆ. ಸಭೆ ನಡೆಸುವವನು ಮೊದಲು ಹಾಗೆ ಮೊಣಕಾಲೂರದಿದ್ದರೆ ಉಳಿದದ್ದೆಲ್ಲ ಬರಿಯ ವೇಳಾಪಟ್ಟಿ. ಒಂದು ಸಭೆಯವರು ಇನ್ನೊಂದು ಸಭೆಯನ್ನು ನೋಡಿ ಈಗಲೂ ಹೊಟ್ಟೆಕಿಚ್ಚು ಪಡುತ್ತಾರೆ. ಅವರ ಗೋಪುರ ಎತ್ತರವಾಯಿತೆಂದು, ಅವರ ಗಾಯನದವರಿಗೆ ಬಹುಮಾನ ಬಂತೆಂದು.

ನಮಗೆ ಹೊಟ್ಟೆ ಉರಿದದ್ದು, ಅಲ್ಲಿ ಪ್ರಾರ್ಥನೆ ನಡೆಯುತ್ತಿದೆ, ಇಲ್ಲಿ ಇಲ್ಲವಲ್ಲ ಎಂದು. ಆ ಉರಿ ಮತ್ತೊಮ್ಮೆ ಬರಲಿ ಎಂದು ಈ ವಯಸ್ಸಿನಲ್ಲೂ ಕೇಳುತ್ತೇನೆ. ಭಾನುವಾರ ದೇವಾಲಯದಿಂದ ಹೊರಗೆ ಬಂದು ಮಾವಳ್ಳಿಯ ದಿಕ್ಕಿಗೆ ಒಮ್ಮೆ ನೋಡುತ್ತೇನೆ. ಹೊಟ್ಟೆಕಿಚ್ಚು ಪಡಲು ಅಲ್ಲಿಯೂ ಈಗ ಏನೂ ಇಲ್ಲ.