ಜಗಲಿಯ ಮೇಲೆ ಆರು ಮೊಸರು ಗಡಿಗೆ

ಪುಷ್ಯದ ಚಳಿ. ಅಂಚೆಟ್ಟಿಯ ಮೇಲಿನ ಗುಡ್ಡಗಳಲ್ಲಿ ರಾಗಿ ಕಣಕ್ಕೆ ಬಂದಾಗಿದೆ, ಮಂಜಿನಲ್ಲಿ ಅವರೆಯ ಸೊಗಡು. ಬೆಳಕು ಹರಿಯುವ ಹೊತ್ತಿಗೆ ಮೊದಲ ಬಸ್ಸಿನಿಂದಿಳಿದ ನಾಗಲಕ್ಷ್ಮಿ ತಲೆಗೆ ಮಫ್ಲರ್ ಸುತ್ತಿಕೊಂಡು, ಹಳೇ ಸೈಕಲ್ ಟ್ಯೂಬು ತುಂಬಿದ ಚೀಲವನ್ನು ಎಡ ಹೆಗಲಿಗೆ ಹಾಕಿ ಏರುದಾರಿ ಹಿಡಿಯುತ್ತಾರೆ. ಈ ಹಳ್ಳಿಗಳಲ್ಲಿ ಅವರ ಹೆಸರು 'ಕೈ ಟೀಚರ್'.

ಗಾಲಿಕುರ್ಚಿಯನ್ನು ತಾವೇ ಉರುಳಿಸಿಕೊಂಡು ಓಡಾಡುವ ಮಕ್ಕಳ ಮನೆಗೆ ಹೋಗಿ ತೋಳಿನ ವ್ಯಾಯಾಮ ಕಲಿಸುವುದು ಅವರ ಕೆಲಸ. ಕೆಲಮಂಗಲದ ರೈತರ ಮಗಳು. ಹೊಸೂರಿನ ಕಾರ್ಖಾನೆಯೊಂದರಲ್ಲಿ ವರ್ಷಗಟ್ಟಲೆ ಯಂತ್ರದ ಒಂದೇ ಹಿಡಿ ತಿರುಗಿಸಿ ಬಲಭುಜ ಕೆಟ್ಟಿತು. ಚಿಕಿತ್ಸೆಗೆಂದು ಹೋದ ಕಡೆಯೇ ಸಹಾಯಕಿಯಾಗಿ ಸೇರಿ ಈ ವಿದ್ಯೆ ಕಲಿತರು.

"ಗಾಲಿ ತಳ್ಳಿದ್ರೆ ಎದೆ ಕಡೆ ಬಲ ಬತ್ತದೆ, ಬೆನ್ನಿನ ಕಡೆ ಬರಲ್ಲ. ತಳ್ಳೋ ಮಗೀಗೆ ಎಳೆಯೋ ಕೆಲ್ಸಾನೂ ಕೊಡ್ಬೇಕು" ಎನ್ನುತ್ತಾರೆ. ಕಿಟಕಿಯ ಸರಳಿಗೆ ಟ್ಯೂಬು ಕಟ್ಟಿ ಎಳೆಸುತ್ತಾರೆ. ಟ್ಯೂಬು ಬೇಸರವೆಂದ ಹನ್ನೊಂದು ವರ್ಷದ ಮಾಲಿನಿಗೆ ಹೋದ ತಿಂಗಳು ಬೇರೊಂದು ಹೇಳಿಕೊಟ್ಟರು. ಕುರ್ಚಿಗೆ ಬ್ರೇಕ್ ಹಾಕಿ, ಜಗಲಿಯ ಮೇಲಿನ ಗಡಿಗೆಯಲ್ಲಿ ಮೊಸರು ಕಡೆಯುವುದು. ಕಡೆಗೋಲಿನ ಹಗ್ಗವನ್ನು ಒಮ್ಮೆ ಬಲಗೈ ಎಳೆಯಬೇಕು, ಒಮ್ಮೆ ಎಡಗೈ.

ಇವತ್ತು ಆ ಜಗಲಿ ಕಂಡದ್ದೇ ನಾಗಲಕ್ಷ್ಮಿ ಅಂಗಳದಲ್ಲೇ ನಿಂತುಬಿಡುತ್ತಾರೆ. ಮಾಲಿನಿಯ ಮುಂದೆ ಸಾಲಾಗಿ ಆರು ಗಡಿಗೆ.

"ಇದ್ಯಾರ್ದು ರುಕ್ಮಿಣಮ್ಮಾ, ಇಷ್ಟೊಂದು?"

"ನಮ್ದೊಂದು, ಮಿಕ್ಕಿದ್ದು ಬೀದಿಯೋರ್ದು ಕಣಮ್ಮ." ಮಾಲಿನಿಯ ಅಜ್ಜಿಯ ಮುಖದಲ್ಲಿ ಹೆಮ್ಮೆ. "ಮಗಿ ಕೈಗೆ ಒಳ್ಳೇದಂತೆ ಅಂದೆ. ಪಾಪ, ದಿನಾ ತಂದು ಮಡುಗ್ತಾರೆ."

ಕೈ ಎತ್ತು ಎಂದರೆ ಮಾಲಿನಿಯ ಬಲಗೈ ಎದೆಮಟ್ಟಕ್ಕೆ ಬಂದು ನಡುಗುತ್ತದೆ. ಭುಜ ಊದಿಕೊಂಡಿದೆ. ಮುಟ್ಟಿದರೆ ಬಿಸಿ.

"ಯಾಕಮ್ಮಿ ಹೇಳ್ಲಿಲ್ಲ ನೀನು?"

"ನೋವಾದ್ರೇನೇ ಬಲ ಬರೋದು ಅಂದ್ಳು ಅಜ್ಜಿ." ಹುಡುಗಿ ತಲೆ ತಗ್ಗಿಸುತ್ತಾಳೆ. "ಮತ್ತೆ... ಎಲ್ಲಾರೂ ನನ್ನೇ ಕೇಳ್ಕೊಂಡು ಬತ್ತಿದ್ರು ಟೀಚರಕ್ಕಾ. ಯಾವತ್ತೂ ಯಾರೂ ಹಂಗೆ ಬಂದಿರ್ಲಿಲ್ಲ."

ನಾಗಲಕ್ಷ್ಮಿ ಜಗಲಿಯ ಅಂಚಿಗೆ ಕುಸಿದು ಕೂರುತ್ತಾರೆ. "ಇದು ಬರೀ ಕೈಯಲ್ಲ ರುಕ್ಮಿಣಮ್ಮ, ಇವ್ಳ ಕಾಲೂ ಇದೇನೆ. ಇದು ಹೋದ್ರೆ ಇವ್ಳು ಮೂಲೆ ಸೇರ್ತಾಳೆ. ಮಾಡು ಅಂದೆ, ಎಲ್ಲಿ ನಿಲ್ಲುಸ್ಬೇಕು ಅಂತ ಹೇಳ್ದೆ ಹೋಗ್ಬುಟ್ಟೆ. ನನ್ ಭುಜ ಹೋಗಿದ್ದೂ ಹಿಂಗೇ ಅಲ್ವಾ..."

ಅಜ್ಜಿ ಮೊಮ್ಮಗಳ ಭುಜವನ್ನು ಈಗ ಮೊದಲ ಸಲ ನೋಡುವವಳಂತೆ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾಳೆ.

ಅಷ್ಟರಲ್ಲಿ ಏಳನೆಯ ಗಡಿಗೆ ಬರುತ್ತದೆ, ಪಕ್ಕದ ಮನೆಯ ಮುನಿಕೃಷ್ಣಪ್ಪನ ಕೈಯಲ್ಲಿ. "ಏನಮ್ಮಿ ಪೈಲ್ವಾನು, ನಮ್ದೂ ಒಂದು ಕೈ ನೋಡ್ಬುಡು..." ಊದಿದ ಭುಜ ಕಂಡು ಅವನ ನಗು ಅಲ್ಲೇ ನಿಲ್ಲುತ್ತದೆ.

ನಾಗಲಕ್ಷ್ಮಿ ಡಾಕ್ಟರಿಗೆ ಫೋನ್ ಮಾಡುತ್ತಾರೆ. ನಾಳೆಯೇ ಕರೆತನ್ನಿ, ಅಲ್ಲಿಯವರೆಗೆ ಹಗ್ಗವನ್ನಾಗಲಿ ಗಾಲಿಯನ್ನಾಗಲಿ ಮುಟ್ಟಬಾರದು, ಆಮೇಲೂ ಕೆಲವು ವಾರ ಬಿಡುವು ಬೇಕಾದೀತು ಎಂಬ ಉತ್ತರ ಬರುತ್ತದೆ.

"ಇಸ್ಕೂಲು?" ಮಾಲಿನಿಯ ಕಣ್ಣು ತುಂಬುತ್ತದೆ. ಶಾಲೆ ದಿಣ್ಣೆಯ ಮೇಲಿದೆ. ಸ್ವಲ್ಪ ಹೊತ್ತು ಗಡಿಗೆಗಳನ್ನೇ ನೋಡಿ, ಆಮೇಲೆ ಮುನಿಕೃಷ್ಣಪ್ಪನ ಕಡೆ ತಿರುಗುತ್ತಾಳೆ. "ಮಾವ, ನಿಮ್ ಮೊಸ್ರು ಕಡ್ದಿಲ್ವಾ ನಾನು? ಈಗ ನೀನು ತಳ್ಳು."

ಮುನಿಕೃಷ್ಣಪ್ಪ ಗಡಿಗೆ ಇಳಿಸಿ, ಪಂಚೆ ಮೇಲೆ ಕಟ್ಟಿ ಕುರ್ಚಿಯ ಹಿಡಿ ಹಿಡಿಯುತ್ತಾನೆ. ಅರ್ಧ ದಿಣ್ಣೆಗೇ ಏದುಸಿರು. "ಅಯ್ಯಯ್ಯೋ, ಇದನ್ನ ದಿನಾ ನೀನೊಬ್ಳೇ ಹತ್ತೀಯೇನಮ್ಮಿ?"

"ಹೂಂ. ನಿಲ್ಲುಸ್ಬೇಡ, ಹಿಂದಕ್ಕೆ ಉರುಳ್ತದೆ."

ಹಿಂದಿನಿಂದ ಚೀಲ ಹೊತ್ತು ಬರುತ್ತಿರುವ ನಾಗಲಕ್ಷ್ಮಿಯ ಕಣ್ಣು ಆ ಭುಜದ ಮೇಲೇ ಇದೆ. "ಮೊದ್ಲಿನಂಗಾದ್ರೆ ಸಾಕು. ಇನ್ಮೇಲೆ ಎಲ್ಲೇ ಹೋದ್ರೂ ನಿಲ್ಲುಸೋದನ್ನೇ ಮೊದ್ಲು ಕಲಿಸ್ತೀನಿ" ಎನ್ನುತ್ತಾರೆ, ಅರ್ಧ ತಮಗೇ.

ಶಾಲೆಯ ಗೇಟಿನ ಬಳಿ ಮುನಿಕೃಷ್ಣಪ್ಪ ಬೆವರು ಒರೆಸಿಕೊಳ್ಳುತ್ತಾನೆ. "ತೀರ್ತಲ್ಲ ನಮ್ ಬಾಕಿ?"

"ನಿಮ್ಮನೇದು ಇವತ್ತಿಂದಷ್ಟೇ ತೀರ್ತು" ಎನ್ನುತ್ತಾಳೆ ಮಾಲಿನಿ. "ಇನ್ನೂ ಐದು ಮನೆಯೋರು ಅವ್ರಲ್ಲ, ಸಂಜೆಗೆ ಯಾರ್ನಾದ್ರೂ ಕಳ್ಸು ಮಾವ."